7.1 ಸಿಜಿಪಿಎ ಹೊತ್ತು ಬರ್ಕ್ಲಿಯತ್ತ

ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ, ಮದುವೆಯ ನಂತರ ಅಮೆರಿಕದ ಸ್ಯಾನ್ ಹೋಸೆಯಲ್ಲಿ ನೆಲೆಸಿರುವ ಮಹಿಳೆ, ಲಾ ಸ್ಕೂಲ್ ಪ್ರವೇಶದ ಸಲಹೆಗೆಂದು ನನ್ನ ಬಳಿ ಬಂದಿದ್ದರು. ಗುರುತಿನ ವಿವರಗಳನ್ನು ಬದಲಿಸಿದ್ದೇನೆ. ಪೇಟೆಂಟ್ ವಕೀಲೆಯಾಗುವ ಆಸೆ, ಕಣ್ಣು ಬರ್ಕ್ಲಿಯ ಲಾ ಸ್ಕೂಲ್ ಮೇಲೆ. ವಿಟಿಯು ಪದವಿಯಲ್ಲಿ 7.1 ಸಿಜಿಪಿಎ, ಮೂರನೇ ಸೆಮಿಸ್ಟರ್‌ನಲ್ಲಿ ಎರಡು ಬ್ಯಾಕ್‌ಲಾಗ್. ಲಾ ಸ್ಕೂಲ್ ಪ್ರವೇಶ ಪರೀಕ್ಷೆಯಾದ ಎಲ್‌ಸ್ಯಾಟ್‌ನಲ್ಲಿ 163. 7.1 ಎಂದರೆ ಅಮೆರಿಕದ ನಾಲ್ಕರ ಅಳತೆಯಲ್ಲಿ 2.8 ಎಂದು ಎಲ್ಲೋ ಓದಿ ನಿದ್ದೆಗೆಟ್ಟಿದ್ದರು. ಜೊತೆಗೆ ಬಂದ ಪತಿಯ ಬಳಿ ಪರಿಹಾರ ಸಿದ್ಧವಿತ್ತು: ಮೊದಲು ಇಲ್ಲೊಂದು ಸ್ನಾತಕೋತ್ತರ ಪದವಿ, ಒಳ್ಳೆಯ ಜಿಪಿಎ, ಆಮೇಲೆ ಅರ್ಜಿ.

ಎರಡೂ ತಪ್ಪು ಲೆಕ್ಕ. ಅರ್ಜಿದಾರರ ದಾಖಲೆಗಳನ್ನು ಕ್ರೋಡೀಕರಿಸುವ ಎಲ್‌ಎಸ್‌ಎಸಿ ಸಂಸ್ಥೆ ಭಾರತದ ಪದವಿಯನ್ನು ನಾಲ್ಕರ ಅಳತೆಗೆ ಇಳಿಸುವುದೇ ಇಲ್ಲ. ‘ಸುಪೀರಿಯರ್’, ‘ಅಬೌ ಆವರೇಜ್’ ಎಂಬಂಥ ದರ್ಜೆಯೊಂದನ್ನು ನೀಡುತ್ತದೆ, ಅಷ್ಟೇ. ಅದು ಲೆಕ್ಕಹಾಕುವ ಜಿಪಿಎ ಮೊದಲ ಪದವಿಯವರೆಗಿನದು. ಸ್ನಾತಕೋತ್ತರ ಅಂಕ ಅದಕ್ಕೆ ಸೇರದು. ಪತಿಯ ಮುಖ ಸಪ್ಪಗಾಯಿತು. ಉಳಿತಾಯವಾದ ಶುಲ್ಕ ನೆನೆದು ಅವರು ಹಿಗ್ಗಬೇಕಿತ್ತು!

ಲಾ ಸ್ಕೂಲ್‌ಗಳು ತಮ್ಮ ಹೊಸ ವಿದ್ಯಾರ್ಥಿಗಳ ಎಲ್‌ಸ್ಯಾಟ್ ಮತ್ತು ಜಿಪಿಎ ಮಧ್ಯಾಂಕಗಳನ್ನು (ಮೀಡಿಯನ್) ಪ್ರತಿವರ್ಷ ಪ್ರಕಟಿಸಬೇಕು. ರ‍್ಯಾಂಕಿಂಗ್‌ಗೂ ಅವು ಬೇಕು. ಲೆಕ್ಕಕ್ಕೆ ಜಿಪಿಎಯೇ ಇಲ್ಲದ ಈಕೆ ಆ ಮಧ್ಯಾಂಕವನ್ನು ಏರಿಸುವವರೂ ಅಲ್ಲ, ಇಳಿಸುವವರೂ ಅಲ್ಲ. ಬ್ಯಾಕ್‌ಲಾಗ್ ಯಾರ ಕಣ್ಣಿಗೂ ಬೀಳದು ಎಂದಲ್ಲ. ಅಂಕಪಟ್ಟಿಯನ್ನು ಓದುವವರು ಓದುತ್ತಾರೆ. ಆದರೆ ತೂಕವೆಲ್ಲ ಎಲ್‌ಸ್ಯಾಟ್‌ನತ್ತ ವಾಲುತ್ತದೆ. ಬರ್ಕ್ಲಿಯ ಮಧ್ಯಾಂಕ 170ರ ಆಸುಪಾಸಿನಲ್ಲಿರುವಾಗ 163 ಸಾಲದು.

ಈ ಸಾಲಿನ ಅರ್ಜಿ ಬಿಟ್ಟು ಪರೀಕ್ಷೆಯನ್ನು ಮತ್ತೆ ಬರೆಯಿರಿ ಎಂದೆ. ಮಧ್ಯಾಂಕಕ್ಕೆ ಎಣಿಸುವುದು ಅತ್ಯುತ್ತಮ ಅಂಕವನ್ನೇ. 2024ರ ಆಗಸ್ಟ್‌ನಿಂದ ಒಗಟಿನಂಥ ‘ಲಾಜಿಕ್ ಗೇಮ್ಸ್’ ವಿಭಾಗ ಇಲ್ಲ. ಅಂಕ ಕೊಡುವ ಮೂರು ವಿಭಾಗಗಳಲ್ಲಿ ಎರಡು ತರ್ಕದವೇ, ಈಕೆ ಎಡವಿದ್ದೂ ಅಲ್ಲೇ. ಪ್ರಶ್ನೆಪತ್ರಿಕೆಗಳನ್ನು ರಾಶಿಗಟ್ಟಲೆ ಬಿಡಿಸುವ ಹುಮ್ಮಸ್ಸಿನಲ್ಲಿದ್ದರು. ಅದರ ಬದಲು, ತಪ್ಪಿದ ಪ್ರತಿಯೊಂದು ಪ್ರಶ್ನೆಗೂ ಆ ತಪ್ಪು ಉತ್ತರ ಏಕೆ ಸರಿಯೆನಿಸಿತೆಂದು ಬರೆದಿಡಲು ಹೇಳಿದೆ.

ಬ್ಯಾಕ್‌ಲಾಗ್ ಬಗ್ಗೆ ಒಂದು ಚಿಕ್ಕ ಟಿಪ್ಪಣಿ ಸಾಕು: ಆಗಿನ ತಂದೆಯ ಅನಾರೋಗ್ಯ, ಮುಂದಿನ ಸೆಮಿಸ್ಟರ್‌ಗಳಲ್ಲಿ ಏರಿದ ಅಂಕ. ಗೋಳು ಬೇಡ. ಎಂಜಿನಿಯರಿಂಗ್ ಓದಿದ್ದೇ ತಪ್ಪಾಯಿತೇನೋ ಎಂಬಂತೆ ಮಾತನಾಡುತ್ತಿದ್ದರು. ಪೇಟೆಂಟ್ ಕಚೇರಿಯ ಮುಂದೆ ವಕೀಲಿಕೆ ಮಾಡಲು ಬೇಕಾದ ಪೇಟೆಂಟ್ ಬಾರ್ ಪರೀಕ್ಷೆಗೆ ಕೂರಲು ವಿಜ್ಞಾನ ಅಥವಾ ತಂತ್ರಜ್ಞಾನದ ಹಿನ್ನೆಲೆ ಬೇಕೇಬೇಕು. ಅರ್ಜಿಯ ಜೊತೆಗಿನ ಈಕೆಯ ಪ್ರಬಂಧ ಶುರುವಾಗಬೇಕಾದದ್ದೇ ಅಲ್ಲಿಂದ.

ಮನೆಯ ಹತ್ತಿರದ ಸಾಂಟಾ ಕ್ಲಾರಾ ವಿಶ್ವವಿದ್ಯಾಲಯದ ಲಾ ಸ್ಕೂಲ್ ಬೌದ್ಧಿಕ ಆಸ್ತಿ ಕಾನೂನಿಗೆ ಹೆಸರಾದದ್ದು. ಅದನ್ನೂ ಸೇರಿಸಿ ಎಂದಾಗ ಒಲ್ಲದ ಮನಸ್ಸಿನಿಂದ ಬರೆದುಕೊಂಡರು. ಅಂಕಪಟ್ಟಿ ವಿಶ್ವವಿದ್ಯಾಲಯದಿಂದಲೇ ನೇರವಾಗಿ ಎಲ್‌ಎಸ್‌ಎಸಿಗೆ ಹೋಗಬೇಕಾದ್ದರಿಂದ, ಆ ಕೆಲಸವನ್ನು ಊರಿನಲ್ಲಿರುವ ತಮ್ಮನಿಗೆ ಈಗಲೇ ವಹಿಸಲು ತಿಳಿಸಿದೆ.