ಲಾಗ್‌ಬುಕ್ ಓದದೆ ಭೂಕಂಪದ ಬಗ್ಗೆ ಬರೆಯಬೇಡಿ: ಒಬ್ಬ ಲೇಖಕರಿಗೆ ಉತ್ತರ

ನಮಸ್ಕಾರ,

ನೀವು ಕಳಿಸಿದ 'ಭೂಮಿ ಮೊದಲೇ ಹೇಳಿತ್ತು' ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಪಕ್ಕಕ್ಕಿಡುವ ಬರಹವೂ ಅಲ್ಲ. ಎಲ್ಲಿ ಎಡವಿದ್ದೀರಿ ಅಂತ ನೇರವಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ವಾದ ಇಷ್ಟು. 1989ರ ಅಕ್ಟೋಬರ್ 17ರ ಸಂಜೆ ಕ್ಯಾಲಿಫೋರ್ನಿಯಾದಲ್ಲಿ 6.9 ತೀವ್ರತೆಯ ಲೋಮಾ ಪ್ರಿಯೆಟಾ ಭೂಕಂಪ ಆಯಿತು, 63 ಜನ ಸತ್ತರು. ಕೇಂದ್ರದಿಂದ ಬರೀ 7 ಕಿ.ಮೀ. ದೂರದ ಕೊರಾಲಿಟೋಸ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಫ್ರೇಸರ್-ಸ್ಮಿತ್ ತಂಡದ ಒಂದು ಉಪಕರಣ ಇತ್ತು. ಕಾಂತಕ್ಷೇತ್ರದ ತೀರಾ ನಿಧಾನದ ಅಲುಗಾಟ ಅಳೆಯುವುದು ಅದರ ಕೆಲಸ. ಭೂಕಂಪಕ್ಕೆ ಮೂರು ಗಂಟೆ ಮೊದಲು ಅದರ ಗೆರೆ ದಿಢೀರನೆ ಮೇಲೇರಿತು. ಹಾಗಾಗಿ ಎಚ್ಚರಿಕೆ ಸಿಕ್ಕಿತ್ತು, ವಿಜ್ಞಾನಿಗಳು ಮುಚ್ಚಿಟ್ಟರು ಅಂತ ನೀವು ಹೇಳುತ್ತೀರಿ.

ಮುಚ್ಚಿಟ್ಟಿದ್ದು ಯಾರು? ಆ ತಂಡವೇ 1990ರಲ್ಲಿ ಅದನ್ನು 'ಜಿಯೋಫಿಸಿಕಲ್ ರಿಸರ್ಚ್ ಲೆಟರ್ಸ್' ಪತ್ರಿಕೆಯಲ್ಲಿ ಪ್ರಕಟಿಸಿತು. ಆಮೇಲೆ ಈ ವಿಷಯದ ಬಗ್ಗೆ ಬರೆದವರೆಲ್ಲ ಅದನ್ನೇ ಎತ್ತಿ ತೋರಿಸಿದರು. ಆ ಪ್ಯಾರಾ ತೆಗೆಯಿರಿ. ಶುರುವಿನಲ್ಲಿರುವ ನಾಯಿ, ಹಾವು, ಕಪ್ಪೆಗಳ ಎರಡು ಪುಟವೂ ಬೇಡ. ನಾಯಿ ದಿನಾ ಬೊಗಳುತ್ತೆ, ಭೂಕಂಪ ಆದ ದಿನದ್ದು ಮಾತ್ರ ಜನರಿಗೆ ನೆನಪಿರುತ್ತೆ.

ದೊಡ್ಡ ತೊಂದರೆ ಬೇರೆ ಇದೆ. ನಿಮ್ಮ ಕಥೆ 1990ಕ್ಕೇ ನಿಂತುಬಿಟ್ಟಿದೆ. ನಿಜವಾದ ಸ್ವಾರಸ್ಯ ಶುರುವಾಗುವುದು 2009ರಲ್ಲಿ. ಆ ವರ್ಷ ಭೂಭೌತ ವಿಜ್ಞಾನಿಗಳಾದ ಜೆರೆಮಿ ಥಾಮಸ್, ಜೆಫ್ರಿ ಲವ್, ಮಾಲ್ಕಮ್ ಜಾನ್‌ಸ್ಟನ್ ಮೂವರೂ ಕೊರಾಲಿಟೋಸ್ ದಾಖಲೆಯನ್ನು ಮತ್ತೆ ತೆರೆದರು. ಭೂಕಂಪದ ಆಸುಪಾಸಿನ ಕೆಲವು ದಿನ ಮಾತ್ರ ಅಲ್ಲ, 1989ರ ಜನವರಿಯಿಂದ 1990ರ ಅಕ್ಟೋಬರ್‌ವರೆಗಿನ ಪೂರ್ತಿ 21 ತಿಂಗಳು. ಜೊತೆಗೆ ಉಪಕರಣದ ಆಗುಹೋಗು ಬರೆದಿಡುತ್ತಿದ್ದ ಅಲ್ಲಿನ ಲಾಗ್‌ಬುಕ್ಕನ್ನೂ ಓದಿದರು. ಆಮೇಲೆ ಕ್ಯಾಲಿಫೋರ್ನಿಯಾದ್ದೇ ಆದ ಫ್ರೆಸ್ನೋದ ಕಾಂತ ವೀಕ್ಷಣಾಲಯದ ಅಂಕಿಗಳನ್ನೂ ಜಪಾನಿನಲ್ಲಿ ಪ್ರತಿ ಸೆಕೆಂಡಿಗೆ ದಾಖಲಾದ ಅಂಕಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಜಪಾನ್ ಯಾಕೆ ಅಂತೀರಾ? ಸೂರ್ಯನಿಂದ ಏಳುವ ಕಾಂತ ಬಿರುಗಾಳಿ ಕ್ಯಾಲಿಫೋರ್ನಿಯಾಕ್ಕೂ ಜಪಾನಿಗೂ ತಟ್ಟುತ್ತೆ. ಅದನ್ನು ಹೋಲಿಸಿದರೆ ಕೊರಾಲಿಟೋಸ್ ಉಪಕರಣ ಸರಿಯಾಗಿ ಅಳೆಯುತ್ತಿತ್ತೋ ಇಲ್ಲವೋ ಗೊತ್ತಾಗುತ್ತೆ. ಹೋಲಿಸಿದಾಗ ಹೊಂದಿಕೆ ಆಗಲಿಲ್ಲ. ಮಾಮೂಲಿ ದಿನಗಳ ಮಟ್ಟವೇ ಅಲ್ಲಲ್ಲಿ ಬದಲಾಗಿತ್ತು. ಆ ಹೆಸರುವಾಸಿ ಏರಿಕೆಗೂ ಭೂಕಂಪಕ್ಕೂ ಸಂಬಂಧ ಇಲ್ಲ, ಉಪಕರಣ ಕೆಟ್ಟಿದ್ದರಿಂದ ಬಂದದ್ದು ಅಂತ ಅವರು ತೀರ್ಮಾನಿಸಿದರು.

ಇದನ್ನು ಕೊನೆಯಲ್ಲಿ ಅಡಿಟಿಪ್ಪಣಿಯಾಗಿ ಅಂಟಿಸಿದರೆ ಸಾಲದು. ಲೇಖನದ ನಡುಮನೆಯಲ್ಲೇ ಕೂರಿಸಿ. ಇಪ್ಪತ್ತು ವರ್ಷ ಎಲ್ಲರೂ ಬೆರಳು ತೋರಿಸಿದ ಗೆರೆಯನ್ನು ಹಳೇ ಲಾಗ್‌ಬುಕ್ ಹಿಡಿದು ಪರೀಕ್ಷಿಸಿದರಲ್ಲ, ನಿಮ್ಮ 'ಮುಚ್ಚಿಟ್ಟರು' ಕಥೆಗಿಂತ ಅದರಲ್ಲಿ ಪತ್ತೇದಾರಿಕೆ ಜಾಸ್ತಿ ಇದೆ.

ಇನ್ನೊಂದು ಪ್ರಶ್ನೆಯನ್ನು ನೀವು ಕೇಳಿಕೊಂಡೇ ಇಲ್ಲ. ಬಂಡೆ ಮುರಿಯುವ ಮೊದಲು ಸಣ್ಣಪುಟ್ಟ ಬಿರುಕು ಬಿಡಬಹುದು, ಸರಿ. ಆದರೆ ಶಕ್ತಿ ಹೊರಬೀಳುವುದು ಮುರಿಯುವ ಕ್ಷಣದಲ್ಲಿ, ಅದೂ ಎಷ್ಟೋ ಪಟ್ಟು. ಹಾಗಿದ್ದರೆ ದೊಡ್ಡ ಸಿಗ್ನಲ್ ಆಗಲೇ ಬರಬೇಕಲ್ವಾ? 2004ರ ಸೆಪ್ಟೆಂಬರ್ 28ರಂದು ಅದೇ ರಾಜ್ಯದ ಪಾರ್ಕ್‌ಫೀಲ್ಡ್‌ನಲ್ಲಿ 6.0ರ ಭೂಕಂಪ ಆಯಿತು. ಅಲ್ಲಿ 1993ರೊಳಗೆ ಭೂಕಂಪ ಆಗುತ್ತೆ ಅಂತ ಲೆಕ್ಕ ಹಾಕಿ, ವರ್ಷಗಟ್ಟಲೆ ಮೊದಲೇ ಕಾಂತಮಾಪಕ, ಒತ್ತಡಮಾಪಕ ಎಲ್ಲ ಹೂಡಿ ಕಾಯುತ್ತಿದ್ದರು. ಬಂದದ್ದು ಹನ್ನೊಂದು ವರ್ಷ ತಡವಾಗಿ. ನೆಲ ಜಾರಿದಾಗ ಕಾಂತಕ್ಷೇತ್ರದಲ್ಲಿ ಸಣ್ಣ ಬದಲಾವಣೆ ದಾಖಲಾಯಿತು. ಅದಕ್ಕೆ ಮೊದಲು ನಂಬುವಂಥದ್ದು ಏನೂ ಸಿಗಲಿಲ್ಲ. ನಿಮ್ಮ ಹನ್ನೆರಡು ಪುಟದಲ್ಲಿ ಪಾರ್ಕ್‌ಫೀಲ್ಡ್ ಹೆಸರೇ ಇಲ್ಲ! ಹಾಗೇ ಚೀನಾದ 1975ರ ಹೈಚೆಂಗ್ ಭೂಕಂಪ ಬಂದಿದೆ, ಮರುವರ್ಷದ ತಾಂಗ್‌ಶಾನ್ ಬಂದಿಲ್ಲ. ಹೈಚೆಂಗ್‌ನಲ್ಲಿ ಜನರನ್ನು ಹೊರಗೆ ಕಳಿಸಲು ಮುಖ್ಯ ಕಾರಣ ಮೊದಲೇ ಬಂದ ಸಣ್ಣ ಕಂಪನಗಳು. ತಾಂಗ್‌ಶಾನ್‌ನಲ್ಲಿ ಅಂಥ ಸುಳಿವು ಇರಲಿಲ್ಲ, ಸರ್ಕಾರದ ಲೆಕ್ಕದಲ್ಲೇ ಎರಡು ಲಕ್ಷಕ್ಕೂ ಮೇಲೆ ಜನ ಸತ್ತರು. ಎರಡೂ ಬರಲಿ, ಇಲ್ಲ ಎರಡೂ ಬೇಡ.

ವಿಜ್ಞಾನಿ ಫ್ರೀಡೆಮನ್ ಫ್ರಾಯಿಂಡ್ ಅವರ ಪ್ರಯೋಗದ ಭಾಗ ಚೆನ್ನಾಗಿದೆ, ಉಳಿಸಿಕೊಳ್ಳಿ. ಬಂಡೆಯನ್ನು ಒತ್ತಿದರೆ ವಿದ್ಯುತ್ ಹರಿಯುವುದನ್ನು ನೀವು ಚೊಕ್ಕವಾಗಿ ವಿವರಿಸಿದ್ದೀರಿ. ಆದರೆ ಲ್ಯಾಬಿನ ಕಲ್ಲಿನ ತುಂಡಿನಿಂದ ನೇರ ಕೊರಾಲಿಟೋಸ್‌ಗೆ ಹಾರಬೇಡಿ. ಲೋಮಾ ಪ್ರಿಯೆಟಾ ಶುರುವಾಗಿದ್ದು ಸುಮಾರು 18 ಕಿ.ಮೀ. ಆಳದಲ್ಲಿ. ಅಲ್ಲಿಂದ ಒದ್ದೆ ಬಂಡೆಗಳನ್ನು ದಾಟಿ ಆ ವಿದ್ಯುತ್ತಿನ ಸುಳಿವು ಮೇಲೆ ಬರಬೇಕು. ಅದರ ಮೇಲೆ ಮನುಷ್ಯರ ಗದ್ದಲ ಬೇರೆ. ನೀವಿರುವ ಸ್ಯಾನ್ ಹೋಸೆ ಸುತ್ತಮುತ್ತ ಬಾರ್ಟ್ ಅನ್ನುವ ನಗರ ರೈಲು ಓಡಿದರೂ ಇದೇ ಆವರ್ತನದಲ್ಲಿ ಕಾಂತಕ್ಷೇತ್ರ ಅಲುಗಾಡುತ್ತೆ. ರೈಲಿನ ಮಾತು ಒಂದು ಪ್ಯಾರಾ ಬರೆಯಿರಿ, ಬೆಂಗಳೂರಿನ ಮೆಟ್ರೋ ಓದುಗನಿಗೂ ಕುತೂಹಲ ಆಗುತ್ತೆ.

ಕೊನೆಗೆ ಫೋನಿನ ಎಚ್ಚರಿಕೆ ಬಗ್ಗೆ. ಮೈಶೇಕ್ ಆ್ಯಪನ್ನು ನೀವು ಮುನ್ಸೂಚನೆಯ ಲೆಕ್ಕಕ್ಕೆ ಸೇರಿಸಿದ್ದೀರಿ. ಅದು ಮುನ್ಸೂಚನೆಯಲ್ಲ. ಭೂಕಂಪ ಶುರುವಾದ ಮೇಲೆ ಮೊದಲ ಅಲೆ ಹಿಡಿದು, ಜೋರಾಗಿ ಅಲುಗಿಸುವ ಅಲೆ ತಲುಪುವ ಮುಂಚೆ ಕೆಲವು ಸೆಕೆಂಡು ಸಮಯ ಕೊಡುತ್ತೆ, ಅಷ್ಟೇ. ಕ್ಯಾಲಿಫೋರ್ನಿಯಾದಲ್ಲಿ ಆ ಎಚ್ಚರಿಕೆಯನ್ನು ಜನರಿಗೆ ಬಿಟ್ಟದ್ದು 2019ರ ಅಕ್ಟೋಬರ್ 17ರಂದು, ಲೋಮಾ ಪ್ರಿಯೆಟಾಗೆ ಸರಿಯಾಗಿ ಮೂವತ್ತು ವರ್ಷ ತುಂಬಿದ ದಿನ. ಈ ತಾರೀಖು ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅಂದರೆ ನನಗೆ ಆಶ್ಚರ್ಯ.

ಅರ್ಧಕ್ಕೆ ಇಳಿಸಿ ಮತ್ತೆ ಕಳಿಸಿ. ಗ್ರಾಫ್ ಕೂಡ ಬೇರೆ ಬೇಕು. ಈಗಿನದರಲ್ಲಿ ಅಕ್ಟೋಬರ್ 17 ಒಂದೇ ದಿನ ಇದೆ, ಪಕ್ಕದ ಅಕ್ಷದಲ್ಲಿ ಅಳತೆಯೂ ಇಲ್ಲ. 21 ತಿಂಗಳದ್ದೂ ಕಾಣುವಂತೆ ಬರೆಸಿ, ಕೆಳಗೆ ಜಪಾನಿನ ಗೆರೆಯನ್ನೂ ಹಾಕಿಸಿ.