98 ಬಂತು ಅಂತ ಸಿಎ ಆಸೆ ಬಿಡಬೇಡಿ

ನೀವು ಬರೆದಿದ್ದು ಇಷ್ಟು: ಬಿಕಾಂ ಕೊನೆ ವರ್ಷ, ಸಿಎ ಮಾಡುವ ಆಸೆ. ಫೋನಿನಲ್ಲಿ ಬುದ್ಧಿ ಅಳೆಯುವ ಐಕ್ಯೂ ಟೆಸ್ಟ್ ಮಾಡಿದರೆ 98 ಬಂತು. ಇನ್ನೊಂದು ಪರ್ಸನಾಲಿಟಿ ಟೆಸ್ಟಿನಲ್ಲಿ ಐಎನ್‌ಎಫ್‌ಪಿ ಅಂತ, ಅಂದರೆ ಮಾತು ಕಮ್ಮಿ, ಕನಸು ಜಾಸ್ತಿ ಇರುವ ಟೈಪ್ ಅಂತ ಬಂತು, ಆ ಟೈಪಿನವರಿಗೆ ಲೆಕ್ಕಪತ್ರದ ಕೆಲಸ ಒಗ್ಗಲ್ಲ ಅಂತ ಎಲ್ಲೋ ಓದಿದಿರಿ. ಈಗ ಸಿಎ ಬಿಟ್ಟುಬಿಡಲಾ ಅಂತ ಕೇಳಿದ್ದೀರಿ.

ಬಿಡಬೇಡಿ. ಮುಂದೆ ಬೇರೆ ಕಾರಣಕ್ಕೆ ಬಿಡುವ ಹಾಗಾದರೆ ಅದು ಬೇರೆ ಮಾತು. ಈ ಎರಡು ಕಾರಣಕ್ಕಂತೂ ಬೇಡ.

ನಾನು ಹಾಸನದ ಕಡೆ ಹೈಸ್ಕೂಲಿನಲ್ಲಿ 19 ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಇವನು ಚುರುಕು, ಇವನು ಮಂದ ಅಂತ ಮನಸ್ಸಿನಲ್ಲೇ ಗೆರೆ ಎಳೆದುಬಿಡುವುದು ನಮ್ಮ ಕೆಲಸದಲ್ಲಿ ತುಂಬಾ ಸುಲಭ. ನಾನೂ ಎಳೆದಿದ್ದೇನೆ. ಎಂಟನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಭಿನ್ನರಾಶಿ ಅಂದರೆ ಚಾಕ್‌ಪೀಸ್ ಹಿಡಿದುಕೊಂಡು ಬೋರ್ಡಿನ ಮುಂದೆ ಸುಮ್ನೆ ನಿಂತುಬಿಡುತ್ತಿದ್ದ. ಇವನಿಗೆ ಲೆಕ್ಕ ಹತ್ತಲ್ಲ ಅಂತ ನಾನು ತೀರ್ಮಾನ ಮಾಡಿ ಆಗಿತ್ತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹೂವಿಗೆ ಅಂತ ಮಾರ್ಕೆಟ್ಟಿಗೆ ಹೋದರೆ ಅವನು ಅಮ್ಮನ ಪಕ್ಕ ಕೂತು ಸೇವಂತಿಗೆ ಅಳೆಯುತ್ತಿದ್ದ. ನನಗಿಂತ ಮುಂದೆ ನಿಂತಿದ್ದವರು ಮೂರೂವರೆ ಮಾರು ಕೇಳಿದರು, ಮಾರಿಗೆ 80 ರೂಪಾಯಿ. ಜೊತೆಗೆ ಎರಡು ಮೊಳ ಕನಕಾಂಬರ, ಮೊಳಕ್ಕೆ 25. ಐನೂರರ ನೋಟು ಕೊಟ್ಟರು. ಹುಡುಗ ಹೂವನ್ನು ಎಲೆಯಲ್ಲಿ ಸುತ್ತುತ್ತಲೇ 170 ವಾಪಸ್ ಕೊಟ್ಟ. ಹೇಗೆ ಮಾಡಿದೆಯೋ ಅಂತ ಕೇಳಿದೆ. "ಎರಡು ಮಾರಿಗೆ ನೂರರವತ್ತು, ಇನ್ನೊಂದಕ್ಕೆ ಇನ್ನೂರ ನಲವತ್ತು, ಅರ್ಧಕ್ಕೆ ನಲವತ್ತು ಸೇರಿಸಿದರೆ ಆಯ್ತಲ್ಲ ಮಿಸ್" ಅಂದ.

ಅದೇ ಲೆಕ್ಕ. ಬೋರ್ಡಿನ ಮೇಲೆ ಮೂರೂವರೆ ಇಂಟು 80 ಅಂತ ಬರೆದಿದ್ದರೆ ಕೈ ಆಡುತ್ತಿರಲಿಲ್ಲ. ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು, ಬ್ರೆಜಿಲ್ ದೇಶದ ರೆಸಿಫೆ ಊರಿನಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಮೇಲೆ ಇದನ್ನೇ ಪರೀಕ್ಷೆ ಮಾಡಿ 1985ರಲ್ಲಿ ಪ್ರಕಟಿಸಿದ್ದಾರೆ. ವ್ಯಾಪಾರದ ಜಾಗದಲ್ಲಿ ಕೇಳಿದ ಲೆಕ್ಕಗಳಲ್ಲಿ 100ಕ್ಕೆ 98 ಸರಿ. ಅದೇ ಲೆಕ್ಕಗಳನ್ನು ಶಾಲೆಯ ರೀತಿಯಲ್ಲಿ ಬರೀ ಅಂಕಿಗಳಾಗಿ ಕೊಟ್ಟರೆ ಸುಮಾರು 37.

ಹಾಗಂತ ಐಕ್ಯೂ ಬರೀ ಸುಳ್ಳು ಅಂತ ನಾನು ಹೇಳಲ್ಲ. ಸರಿಯಾಗಿ ಮಾಡಿದ ಟೆಸ್ಟ್ ಆದರೆ ಅದಕ್ಕೂ ಶಾಲೆಯ ಮಾರ್ಕ್ಸಿಗೂ ನಿಜವಾಗಿಯೂ ಸಂಬಂಧ ಇದೆ. ಆದರೆ ಅದು ಹುಟ್ಟಿದ ಕಥೆ ಕೇಳಿ. ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಅನ್ನುವವರು ಥಿಯೊಡೋರ್ ಸಿಮೊನ್ ಜೊತೆ ಸೇರಿ 1905ರಲ್ಲಿ ಮೊದಲ ಪರೀಕ್ಷೆ ಮಾಡಿದ್ದು ಒಂದೇ ಉದ್ದೇಶಕ್ಕೆ: ಯಾವ ಮಗುವಿಗೆ ಶಾಲೆಯಲ್ಲಿ ಜಾಸ್ತಿ ಸಹಾಯ ಬೇಕು ಅಂತ ತಿಳಿಯಲು. ಬುದ್ಧಿ ಅನ್ನುವುದು ಹುಟ್ಟುವಾಗಲೇ ಅಳತೆ ಮಾಡಿ ಕೊಟ್ಟಿದ್ದು, ಅದು ಹೆಚ್ಚಾಗಲ್ಲ ಅನ್ನುವವರ ಮೇಲೆ ಬಿನೆಗೆ ಸಿಟ್ಟೇ ಇತ್ತು. ಅದೇ ಪರೀಕ್ಷೆ ಮುಂದೆ ಊರೂರು ದಾಟಿ, ಮನುಷ್ಯರನ್ನು ಮೇಲೆ ಕೆಳಗೆ ನಿಲ್ಲಿಸುವ ಸಾಧನವಾಯಿತು. ಇನ್ನು ನಿಮ್ಮ 98. ಸರಾಸರಿಯೇ 100 ಬರುವ ಹಾಗೆ ಈ ಟೆಸ್ಟುಗಳನ್ನು ಹೊಂದಿಸಿರುತ್ತಾರೆ, ಮೂರರಲ್ಲಿ ಎರಡು ಪಾಲು ಜನ 85ರಿಂದ 115ರ ಒಳಗೇ ಇರುತ್ತಾರೆ. ನೀವು ನಡುಮಧ್ಯೆ ಇದ್ದೀರಿ. ಅದೂ ಜಾಹೀರಾತುಗಳ ನಡುವೆ ಫೋನಿನಲ್ಲಿ ಮಾಡಿದ ಟೆಸ್ಟ್!

ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಶಕುಂತಲಾ ದೇವಿ ನಿಮಗೆ ಗೊತ್ತಿರಬೇಕು. ಸರ್ಕಸ್ಸಿನಲ್ಲಿ ಕೆಲಸ ಮಾಡಿದವರ ಮಗಳು, ಶಾಲೆ ಕಲಿತಿದ್ದು ಇಲ್ಲವೇ ಇಲ್ಲ ಅನ್ನುವಷ್ಟು. 1988ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಆರ್ಥರ್ ಜೆನ್ಸನ್ ಎಂಬ ಮನಶ್ಶಾಸ್ತ್ರದ ಪ್ರೊಫೆಸರ್ ಅವರನ್ನು ಪರೀಕ್ಷೆ ಮಾಡಿದರು. 6,16,29,875ರ ಘನಮೂಲ ಕೇಳಿದರೆ, ಪ್ರೊಫೆಸರ್ ಆ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳುವ ಮೊದಲೇ 395 ಅಂತ ಹೇಳಿದ್ದರು. ಆದರೆ ದೀಪ ಹೊತ್ತಿದ ತಕ್ಷಣ ಗುಂಡಿ ಒತ್ತುವಂಥ, ಮೆದುಳಿನ ಸಾಮಾನ್ಯ ವೇಗ ಅಳೆಯುವ ಪರೀಕ್ಷೆಗಳಲ್ಲಿ ಅವರ ವೇಗ ಎಲ್ಲರ ಹಾಗೇ ಇತ್ತು! 1990ರಲ್ಲಿ ಜೆನ್ಸನ್ ಅದನ್ನೇ ಬರೆದರು. ಬುದ್ಧಿಯ ಬಹುಪಾಲು ಹುಟ್ಟಿನಿಂದಲೇ ಬರುತ್ತದೆ ಅಂತ ಜೀವನಪೂರ್ತಿ ವಾದ ಮಾಡಿದ ಮನುಷ್ಯ ಅವರು, ಆದ್ದರಿಂದ ಈ ಮಾತಿಗೆ ನನ್ನ ಮಟ್ಟಿಗೆ ಇನ್ನೂ ತೂಕ ಜಾಸ್ತಿ.

ಆ ಘನಮೂಲವನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ಅವರು ಯಾವ ದಾರಿ ಹಿಡಿದರೋ, ನಾನು ಮಕ್ಕಳಿಗೆ ಹೇಳಿಕೊಡುವ ದಾರಿ ಹೀಗಿದೆ. ಸಂಖ್ಯೆಯ ಕೊನೆಯಲ್ಲಿ 5 ಇದೆ, ಪೂರ್ಣ ಘನಸಂಖ್ಯೆ ಆದರೆ ಉತ್ತರದ ಕೊನೆಯಲ್ಲೂ 5 ಇರಲೇಬೇಕು. ಕೊನೆಯ ಮೂರು ಅಂಕಿ ಮುಚ್ಚಿದರೆ ಉಳಿಯುವುದು 61,629. 39ರ ಘನ 59,319. 40ರ ಘನ 64,000. ಎರಡರ ನಡುವೆ ಬಿತ್ತಲ್ಲ, ಹಾಗಾದರೆ 39, ಪಕ್ಕದಲ್ಲಿ 5. 395. ಇದಕ್ಕೆ ಬೇಕಿರುವುದು 39ರ ಘನ ಎಷ್ಟು ಅಂತ ಪಕ್ಕದ ಮನೆಯವರ ಹೆಸರಿನ ಹಾಗೆ ಗೊತ್ತಿರುವುದು. ಚಿಕ್ಕಂದಿನಿಂದ ಹಗಲೂ ರಾತ್ರಿ ಸಂಖ್ಯೆಗಳ ಜೊತೆ ಬದುಕಿದವರಿಗೆ ಅಂಥ ಪರಿಚಯ ಸಾವಿರಗಟ್ಟಲೆ ಇರುತ್ತದೆ. ಅವರ ಶಕ್ತಿ ಅಷ್ಟೇ ಅಂತ ನಾನು ಹೇಳುತ್ತಿಲ್ಲ, ಆದರೆ ಗುಂಡಿ ಒತ್ತುವ ಟೆಸ್ಟ್ ನೋಡಿ ಯಾರೂ ಅವರನ್ನು ಗುರುತಿಸುತ್ತಿರಲಿಲ್ಲ.

ಇನ್ನೊಂದು. 1921ರಲ್ಲಿ ಲೂಯಿಸ್ ಟರ್ಮನ್ ಎಂಬ ಮನಶ್ಶಾಸ್ತ್ರಜ್ಞರು ಕ್ಯಾಲಿಫೋರ್ನಿಯಾದಲ್ಲಿ ಐಕ್ಯೂ ತುಂಬಾ ಜಾಸ್ತಿ ಇರುವ 1,500ಕ್ಕೂ ಹೆಚ್ಚು ಮಕ್ಕಳನ್ನು ಆರಿಸಲು ಶುರು ಮಾಡಿ, ಅವರು ದೊಡ್ಡವರಾಗುವ ತನಕ ಹಿಂಬಾಲಿಸಿದರು. ಆಯ್ಕೆಯಾದವರು ಒಟ್ಟಾರೆ ಚೆನ್ನಾಗಿಯೇ ಬದುಕಿದರು, ಆದರೆ ಒಬ್ಬರಿಗೂ ನೊಬೆಲ್ ಬರಲಿಲ್ಲ. ಟೆಸ್ಟಿನಲ್ಲಿ ಅಂಕ ಸಾಲದೆ ಹೊರಗುಳಿದ ಇಬ್ಬರು ಹುಡುಗರಿಗೆ ಬಂತು: ವಿಲಿಯಂ ಶಾಕ್ಲಿಗೆ 1956ರಲ್ಲಿ, ಲೂಯಿಸ್ ಆಲ್ವಾರೆಜ್‌ಗೆ 1968ರಲ್ಲಿ. ಅದಕ್ಕಿಂತ ನಿಮಗೆ ಬೇಕಾದ ವಿಷಯ ಇದು. ಟರ್ಮನ್ ತಮ್ಮದೇ ಗುಂಪಿನಲ್ಲಿ ಮುಂದೆ ಬಂದವರನ್ನೂ ಹಿಂದೆ ಉಳಿದವರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಐಕ್ಯೂನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹಿಡಿದಿದ್ದನ್ನು ಬಿಡದೆ ಮಾಡುವುದು, ತನ್ನ ಮೇಲೆ ನಂಬಿಕೆ, ಮನೆಯಲ್ಲಿ ಓದಿಗೆ ಇದ್ದ ಆಸರೆ, ವ್ಯತ್ಯಾಸ ಇದ್ದಿದ್ದು ಇವುಗಳಲ್ಲಿ. ಆ ಮೂರನೆಯದನ್ನು ಮರೆಯಬೇಡಿ. ಶ್ರಮ ಪಟ್ಟರೆ ಎಲ್ಲ ಸಿಗುತ್ತದೆ ಅನ್ನುವ ಭಾಷಣ ನನಗೆ ಆಗಲ್ಲ. ಫೀಸು ಕಟ್ಟುವವರು ಇದ್ದಾರಾ, ಓದಲು ಒಂದು ಮೂಲೆ ಇದೆಯಾ, ಕಷ್ಟ ಬಂದರೆ ಕೇಳಲು ಒಬ್ಬರು ಇದ್ದಾರಾ, ಇವೂ ಲೆಕ್ಕಕ್ಕೆ ಬರುತ್ತವೆ.

ಪರ್ಸನಾಲಿಟಿ ಟೈಪಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆ ನಾಲ್ಕಕ್ಷರದ 16 ಟೈಪುಗಳನ್ನು ಮಾಡಿದ್ದು ಅಮೆರಿಕದ ಒಬ್ಬ ತಾಯಿ ಮಗಳು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಬೆಲ್ ಮೈಯರ್ಸ್, ಮನೋವೈದ್ಯ ಕಾರ್ಲ್ ಯುಂಗ್ ಬರೆದಿದ್ದನ್ನು ಆಧಾರವಾಗಿ ಇಟ್ಟುಕೊಂಡು. ಇಬ್ಬರೂ ಮನಶ್ಶಾಸ್ತ್ರ ಓದಿದವರಲ್ಲ. ಇದರ ತೊಂದರೆ ಹೀಗೆ: ನನ್ನ ಕ್ಲಾಸಿನ ಮಕ್ಕಳನ್ನು ಐದಡಿಗೆ ಗೆರೆ ಎಳೆದು ಉದ್ದ, ಗಿಡ್ಡ ಅಂತ ಎರಡೇ ಗುಂಪು ಮಾಡಿದರೆ, ಐದಡಿಯ ಆಚೀಚೆ ಇರುವ ಅರ್ಧ ಕ್ಲಾಸು ಚಪ್ಪಲಿ ಬದಲಾಯಿಸಿದರೆ ಗುಂಪು ಬದಲಾಯಿಸುತ್ತದೆ, ಅಲ್ವಾ? ಜನ ಹೆಚ್ಚಾಗಿ ನಡುವೆಯೇ ಇರುತ್ತಾರೆ. ಕೆಲವೇ ವಾರ ಬಿಟ್ಟು ಮತ್ತೆ ಟೆಸ್ಟ್ ಮಾಡಿದರೆ ಎಷ್ಟೋ ಜನರಿಗೆ ಬೇರೆ ಟೈಪ್ ಬರುವುದು ಅದಕ್ಕೇ. ಸಂಶೋಧಕರು ಈಗ ಹೆಚ್ಚಾಗಿ ಬಳಸುವುದು ಐದು ಗುಣಗಳ ಅಳತೆಯನ್ನು. ಅದರಲ್ಲಿ ಬೇರೆ ಬೇರೆ ಥರದ ಕೆಲಸಗಳಲ್ಲೂ ಕೈ ಹಿಡಿಯುವುದು ಅಂತ ಮತ್ತೆ ಮತ್ತೆ ಕಂಡುಬಂದಿರುವುದು ಅಚ್ಚುಕಟ್ಟುತನ, ಒಪ್ಪಿಕೊಂಡ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮುಗಿಸುವುದು. ಮಾತು ಕಮ್ಮಿ, ಕನಸು ಜಾಸ್ತಿ ಇರುವವರಲ್ಲೂ ಅದು ಇರಬಹುದು.

ಈಗ ನೀವು ಮಾಡಬೇಕಾದ ಟೆಸ್ಟ್ ಹೇಳುತ್ತೇನೆ. ಸಿಎ ಪರೀಕ್ಷೆ ನಡೆಸುವ ಐಸಿಎಐ ಸಂಸ್ಥೆಯ ವೆಬ್‌ಸೈಟಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು ಇವೆ. ಅಕೌಂಟ್ಸ್ ಪೇಪರ್ ಒಂದನ್ನು ಇಳಿಸಿಕೊಳ್ಳಿ. ಈ ಭಾನುವಾರ ಬೆಳಿಗ್ಗೆ ಫೋನ್ ಬೇರೆ ರೂಮಿನಲ್ಲಿಟ್ಟು, ಗಡಿಯಾರ ಮುಂದೆ ಇಟ್ಟುಕೊಂಡು ಪೂರ್ತಿ ಬರೆಯಿರಿ. ಎಷ್ಟು ಮಾರ್ಕ್ಸ್ ಬಂತು ಅನ್ನುವುದನ್ನು ಒಂದು ಕಡೆ ಇಡಿ. ಎಲ್ಲಿ ನಿಂತಿರಿ, ಯಾವ ಸಾಲಿನಲ್ಲಿ ಕೈ ತಡೆಯಿತು, ಅದನ್ನು ಗುರುತು ಮಾಡಿ. ತಪ್ಪಾದ ಲೆಕ್ಕಗಳ ಫೋಟೋ ತೆಗೆದು ಇಲ್ಲೇ ಕೆಳಗೆ ಹಾಕಿ. ಸಿಎ ಪಾಠ ನನಗೆ ಬರುವುದಿಲ್ಲ, ಆದರೆ ಲೆಕ್ಕ ಎಲ್ಲಿ ದಾರಿ ತಪ್ಪಿತು ಅಂತ ನೋಡುವುದು ನನ್ನ ದಿನದ ಕೆಲಸ. ರಾತ್ರಿ ಒಂಬತ್ತರ ಮೇಲೆ ಬಿಡುವಾಗಿರುತ್ತೇನೆ, ಕೂತು ನೋಡೋಣ.