ಸಿಗುವ ಕಾಲೇಜಲ್ಲ, ಬೇಕಾದ ಕಾಲೇಜು ಮೊದಲು

ಪ್ರಶ್ನೆ: ಸರ್, ಮಗಳ ಸಿಇಟಿ ಎಂಜಿನಿಯರಿಂಗ್ ರ‍್ಯಾಂಕ್ 38 ಸಾವಿರದ ಆಸುಪಾಸಿನಲ್ಲಿದೆ. ಕಾಲೇಜುಗಳನ್ನು ಕ್ರಮವಾಗಿ ಬರೆದುಕೊಡುವ ಆಪ್ಷನ್ ಪಟ್ಟಿಯಲ್ಲಿ ದೊಡ್ಡ ಕಾಲೇಜುಗಳನ್ನು ಮೇಲೆ ಹಾಕಿದರೆ ಆಪ್ಷನ್ ವ್ಯರ್ಥವಾಗುತ್ತದೆ, ಖಂಡಿತ ಸಿಗುವುದನ್ನೇ ಮೊದಲು ಹಾಕಿ ಎಂದು ಸೈಬರ್ ಸೆಂಟರಿನವರು ಹೇಳುತ್ತಾರೆ. ನಿಜವೇ?

ಉತ್ತರ: ಶುದ್ಧ ಸುಳ್ಳು. ಪ್ರತಿವರ್ಷ ಇದನ್ನೇ ಬರೆದು ನನ್ನ ಕೈ ಸೋತಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆಯಲ್ಲಿ ರ‍್ಯಾಂಕಿನ ಕ್ರಮದಂತೆ ಒಬ್ಬೊಬ್ಬರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ, ಮೀಸಲಾತಿಯನ್ನೂ ಗಣಿಸಿ, ಅವರಿಗೆ ಸಲ್ಲುವ ಮೊದಲ ಖಾಲಿ ಸೀಟನ್ನು ಕೊಡಲಾಗುತ್ತದೆ. ಹೀಗಾಗಿ ಸಿಗದ ಹತ್ತು ಕಾಲೇಜುಗಳನ್ನು ಮೇಲೆ ಬರೆದರೂ ಹನ್ನೊಂದನೆಯದಕ್ಕೆ ಕೂದಲೆಳೆಯಷ್ಟೂ ಧಕ್ಕೆಯಿಲ್ಲ. ಅದನ್ನೇ ಮೊದಲನೆಯದಾಗಿ ಬರೆದವರು, ರ‍್ಯಾಂಕಿನಲ್ಲಿ ನಿಮ್ಮ ಮಗಳ ಹಿಂದಿದ್ದರೆ, ಅವಳನ್ನು ದಾಟಲಾರರು.

ಹಿಂದೊಮ್ಮೆ ಒಬ್ಬ ಹುಡುಗಿ ನನ್ನ ಮೇಜಿನ ಮೇಲೆ ಹರಡಿದ ಪ್ರಿಂಟೌಟಿನಲ್ಲಿ, ಆಕೆಗೆ ಮನಸ್ಸಿದ್ದ ಸಿವಿಲ್ ಸೀಟು 17ನೆಯ ಸಾಲಿನಲ್ಲಿತ್ತು. ‘ಗ್ಯಾರಂಟಿ’ ಕಾಲೇಜು 1ನೆಯದಾಗಿತ್ತು. ಮೊದಲ ಸುತ್ತಿನಲ್ಲಿ ಆ ಗ್ಯಾರಂಟಿಯೇ ಸಿಕ್ಕಿತು. ಮುಂದಿನ ಸುತ್ತಿನಲ್ಲಿ ಸಿಕ್ಕ ಸೀಟಿಗಿಂತ ಮೇಲಿನ ಆಪ್ಷನ್‌ಗಳನ್ನು ಮಾತ್ರ ಪರಿಗಣಿಸುವುದರಿಂದ, ಏರಲು ಆಕೆಗೆ ಮೆಟ್ಟಿಲೇ ಉಳಿದಿರಲಿಲ್ಲ.

ಆದ್ದರಿಂದ ಆಸೆಯ ಕ್ರಮದಲ್ಲಿಯೇ ಬರೆಯಿರಿ, ಕಳೆದ ವರ್ಷದ ಕಟ್‌ಆಫ್ (ಕೊನೆಯ ಸೀಟು ಸಿಕ್ಕ ರ‍್ಯಾಂಕ್) ನೋಡಿ ಕೆಳಗೆ ಸಾಕಷ್ಟು ಸುಲಭದ ಕಾಲೇಜುಗಳನ್ನೂ ಸೇರಿಸಿ. ಸೇರುವ ಮನಸ್ಸೇ ಇಲ್ಲದ್ದನ್ನು ಮಾತ್ರ ಬರೆಯಬೇಡಿ. ನಿಜವಾದ ಸುತ್ತಿಗೆ ಮೊದಲು ನಡೆಸುವ ಅಣಕು ಹಂಚಿಕೆಯ ನಂತರ ಕ್ರಮ ಬದಲಿಸಲು ಅವಕಾಶ ಕೊಡುವುದು ಅದಕ್ಕೇ. ಸಿಕ್ಕ ಸೀಟನ್ನು ಉಳಿಸಿಕೊಂಡು ಮುಂದಿನ ಸುತ್ತಿಗೆ ಹೋದರೆ, ಮೇಲಿನದು ಸಿಕ್ಕ ಕ್ಷಣವೇ ಹಳೆಯದು ಕೈಬಿಡುತ್ತದೆ ಎಂಬುದು ನೆನಪಿರಲಿ. ಇನ್ನು, ಆಪ್ಷನ್ ಪಟ್ಟಿಯ ಪಾಸ್‌ವರ್ಡನ್ನು ಸೈಬರಿನವರ ಬಳಿ ಬಿಟ್ಟುಬರುವ ತಂದೆತಾಯಿಯರಿಗೆ ಏನು ಹೇಳಲಿ?

ಪ್ರಶ್ನೆ: ಕಾಲೇಜಿಗೆ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಮಂಡಳಿ) ಕೊಟ್ಟ ಎ ಪ್ಲಸ್ ಇದೆ, ಸಾಕಲ್ಲವೇ?

ಉತ್ತರ: ಸಾಲದು. ನ್ಯಾಕ್ ಶ್ರೇಣಿ ಇಡೀ ಸಂಸ್ಥೆಯದು. ನಿಮ್ಮ ಬ್ರಾಂಚಿಗೆ, ಒಂದೊಂದು ಕೋರ್ಸನ್ನೂ ಬೇರೆಯಾಗಿ ಪರಿಶೀಲಿಸುವ ಎನ್‌ಬಿಎ ಮಂಡಳಿಯ ಮಾನ್ಯತೆ ಇದೆಯೇ, ಅದರ ಅವಧಿ ಮುಗಿದಿಲ್ಲವೇ ನೋಡಿ.

ಪ್ರಶ್ನೆ: ನಾಲ್ಕು ವರ್ಷದ ನಂತರ ಯಾವ ಬ್ರಾಂಚಿಗೆ ಬೇಡಿಕೆ ಇರುತ್ತದೆ?

ಉತ್ತರ: ನಾನು ಜ್ಯೋತಿಷಿಯಲ್ಲ.

ಪ್ರಶ್ನೆ: ಸರ್ಕಾರಿ ಕೋಟಾದ ಸೀಟು ಕೊಡಿಸುತ್ತೇನೆಂದು ಏಜೆಂಟರೊಬ್ಬರು ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಆ ಸೀಟುಗಳನ್ನು ಹಂಚುವುದು ಪ್ರಾಧಿಕಾರವೇ ಹೊರತು ಏಜೆಂಟರಲ್ಲ. ಈಗಾಗಲೇ ಕೊಟ್ಟಿದ್ದರೆ, ನನಗೆ ಪತ್ರ ಬರೆಯುತ್ತಾ ಕೂರದೆ ಪೊಲೀಸ್ ಠಾಣೆಗೆ ಹೋಗಿ.